ಟೋರ್ವಿಯ ಜಾಡು

ಹೊಳೆಯ ನಡುವೆ ನಿಂತಿದ್ದ ಟೋರ್ವಿ ಏನೋ ಕೂಗಿದ. ನೀರಿನ ಮೊರೆತದಲ್ಲಿ ಮಾತಿನ ಬಾಲವಷ್ಟೇ ದಡ ಮುಟ್ಟಿತು.

"...ಡ!"

"ಬೇಡ ಅಂದನೋ, ಎಡ ಅಂದನೋ?" ಟೋರ್ವಿಯ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹಿಡಿದು ದಡದಲ್ಲಿ ನಿಂತಿದ್ದ ಇಲ್ಲುಗಿ, ಜೀಪಿನ ಕಡೆ ತಿರುಗಿ ಹೆಂಡತಿಯನ್ನು ಕೇಳಿದ.

"ಹೋಗಿ ಕೇಳ್ಕೊಂಡು ಬಾ," ಎಂದಳು ಯೋರುನ್, ಕಿಟಕಿ ಇಳಿಸದೆ. ಗಾಜಿನಾಚೆಗೆ ಅವಳ ತುಟಿ ಆಡಿದ್ದನ್ನು ನೋಡಿಯೇ ಇಲ್ಲುಗಿಗೆ ಅರ್ಥವಾಯಿತು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಅಷ್ಟು ಸಾಕು.

ಎಪ್ಪತ್ತು ವರ್ಷದ ಅಣ್ಣ ನೀರಿಗಿಳಿಯುವುದು, ಅರುವತ್ತೇಳರ ತಮ್ಮ ಹಗ್ಗ ಹಿಡಿದು ದಡದಲ್ಲಿ ನಿಲ್ಲುವುದು: ಇದು ಪ್ರತಿ ವರ್ಷದ ಏರ್ಪಾಡು. ಹಿಮಗಡ್ಡೆ ಕರಗಿ ಬರುವ ಹೊಳೆ ಪ್ರತಿ ಬೇಸಿಗೆಯಲ್ಲೂ ತನ್ನ ಪಾತ್ರ ಬದಲಿಸುತ್ತದೆ. ಹೋದ ವರ್ಷ ಮೊಣಕಾಲಿಗೆ ಬಂದ ಜಾಗದಲ್ಲಿ ಈ ವರ್ಷ ಜೀಪು ಮುಳುಗಬಹುದು. ಸಿಮೆಂಟು ಕದಡಿದಂಥ ಆ ನೀರಿನಲ್ಲಿ ತಳ ಕಾಣುವುದಿಲ್ಲ, ಕಾಲಿನಿಂದಲೇ ನೋಡಬೇಕು. ಟೋರ್ವಿ ಎದೆಮಟ್ಟದ ರಬ್ಬರು ಪ್ಯಾಂಟಿನಲ್ಲಿ, ಒಂದು ಕೋಲು ಊರಿಕೊಂಡು, ಹೆಜ್ಜೆ ಹೆಜ್ಜೆಗೂ ತಳವನ್ನು ಬೈಯುತ್ತ ಆಚೆ ದಡ ಮುಟ್ಟಿ ಎರಡೂ ಕೈ ಎತ್ತಿದ. ಉಣ್ಣೆಯ ಸ್ವೆಟರಿನ ಕತ್ತಿನಲ್ಲಿ ಅವನ ಕೆಂಪು ಟೈ ಇಷ್ಟು ದೂರಕ್ಕೂ ಕಾಣುತ್ತಿತ್ತು.

ಟೈ! ಐಸ್‌ಲ್ಯಾಂಡಿನ ನಡುನಾಡಿಗೆ, ಕರಿ ಮರಳು ಮತ್ತು ಲಾವಾ ಬಿಟ್ಟರೆ ಬೇರೇನೂ ಇಲ್ಲದ ಕಡೆಗೆ, ಟೈ ಕಟ್ಟಿಕೊಂಡು ಬಂದ ಮೊದಲ ಮನುಷ್ಯ ಇವನೇ ಇರಬೇಕು. ನಿನ್ನೆ ಹೋಗಿ ಕೂದಲನ್ನೂ ಕತ್ತರಿಸಿಕೊಂಡು ಬಂದಿದ್ದ.

ಇಲ್ಲುಗಿ ಜೀಪನ್ನು ನೀರಿಗಿಳಿಸಿದ. ಗಾಳಿ ಇಳಿಸಿ ಮೆತ್ತಗೆ ಮಾಡಿದ್ದ ದೊಡ್ಡ ಚಕ್ರಗಳು ಕಲ್ಲುಗಳ ಮೇಲೆ ಒರಗಿ ಹತ್ತಿ ಇಳಿದವು. ನೀರು ಮುಂದಿನ ಬಂಪರಿನ ಎದುರು ಗೋಪುರ ಕಟ್ಟಿ, ಒಡೆದು, ಬಾಗಿಲ ಸಂದಿಯಿಂದ ಒಳಗೆ ಇಣುಕಿತು. ನಡುವೆ ಒಂದು ಗುಂಡಿ. ಜೀಪು ಒಮ್ಮೆ ಮೂಗು ಮುಗ್ಗರಿಸಿ ಎದ್ದಾಗ ಯೋರುನ್‌ಳ ಕಾಲ ಬಳಿ ಇದ್ದ ಎರಡು ಕ್ಯಾನುಗಳಲ್ಲಿ ಒಂದರ ಮುಚ್ಚಳ ಕಳಚಿ, ಅರ್ಧ ಲೀಟರ್ ಮಜ್ಜಿಗೆ ಅವಳ ಕಾಲುಚೀಲದೊಳಗೆ ಹೋಯಿತು.

"ಎಡ ಅಂದಿದ್ದೆ!" ಆಚೆ ದಡದಲ್ಲಿ ಹಿಂದಿನ ಬಾಗಿಲು ತೆರೆದು ಹತ್ತುತ್ತ ಟೋರ್ವಿ ಗದರಿದ. "ಕಿವಿ ಇದೆಯೋ ಇಲ್ವೋ ನಿಂಗೆ?"

"ನೀನು ಅಂದಿದ್ದು 'ಡ'. ಮಿಕ್ಕಿದ್ದು ಹೊಳೆಗೆ ಹೋಯ್ತು."

"ಮಜ್ಜಿಗೆ ಚೆಲ್ತಾ?"

"ಚೆಲ್ಲಿದ್ದು ಇವಳ ಬೂಟಲ್ಲಿದೆ. ಉಳಿದಿದ್ದು ಈ ದಾರಿಗೆ ಬೆಣ್ಣೆ ಆಗಿರತ್ತೆ. ರೊಟ್ಟಿ ತಂದಿದೀವಿ, ಹಚ್ಕೊಂಡು ತಿನ್ನು."

ಮಜ್ಜಿಗೆ ತಿನ್ನುವುದಕ್ಕಲ್ಲ, ಕುಡಿಯುವುದಕ್ಕೂ ಅಲ್ಲ. ಒಳ್ಳೆಯ ಪಾಚಿಯನ್ನು ಒಂದು ಹಿಡಿ ಪುಡಿ ಮಾಡಿ ಮಜ್ಜಿಗೆಯಲ್ಲಿ ಕಲಸಿ ಬರಡು ನೆಲಕ್ಕೆ ಹೊಯ್ದರೆ, ನೆಲದ ಮನಸ್ಸಿದ್ದರೆ, ನಾಲ್ಕೈದು ವರ್ಷದಲ್ಲಿ ಅಲ್ಲಿ ಹೊಸ ಪಾಚಿ ಕಣ್ಣು ಬಿಡುತ್ತದೆ. ಟೋರ್ವಿ ಹದಿನಾರು ಬೇಸಿಗೆಗಳಿಂದ ಇದನ್ನು ಮಾಡುತ್ತಿದ್ದ. ಹದಿನಾರು ಬೇಸಿಗೆಗಳಿಂದ ಈ ಜೀಪು ಹುಳಿ ವಾಸನೆ ಹೊಡೆಯುತ್ತಿತ್ತು.

ಅವನು ವಾಸಿಮಾಡುತ್ತಿದ್ದದ್ದು ಚಕ್ರದ ಎರಡು ಗೆರೆಗಳನ್ನು. ಮುಂದಿನ ಬಯಲಿನಲ್ಲಿ, ಹಳದಿ ಗೂಟ ನೆಟ್ಟ ದಾರಿಯಿಂದ ಹೊರಬಿದ್ದು, ಹಸಿರು ಪಾಚಿಯ ಮೇಲೆ ಮುನ್ನೂರು ಹೆಜ್ಜೆ ಹೋಗಿ, ಒಂದು ಕಡೆ ಕೊಕ್ಕೆಯ ಹಾಗೆ ಸೊಟ್ಟಗೆ ತಿರುಗಿ, ಮತ್ತೆ ದಾರಿ ಸೇರುವ ಗೆರೆಗಳು. ಇಲ್ಲಿಯ ಜನ ಎಷ್ಟೇ ಕೆಟ್ಟ ಕಡೆಗೆ ಬೇಕಾದರೂ ಗಾಡಿ ಓಡಿಸಿಯಾರು, ಗೂಟ ದಾಟಿ ಪಾಚಿಯ ಮೇಲೆ ಚಕ್ರ ಇಳಿಸಿದವನನ್ನು ಮಾತ್ರ ಮನೆಯೊಳಗೆ ಕರೆಯುವುದಿಲ್ಲ. ಒಂದು ಸಲ ಉಜ್ಜಿಹೋದ ಪಾಚಿ ಮೊಮ್ಮಕ್ಕಳ ಕಾಲಕ್ಕೂ ಹಾಗೆಯೇ ಇರುತ್ತದೆ. ಆ ಗೆರೆಗಳಿಗೆ ಸುತ್ತಿನ ಕುರಿಯವರು ಅಂದೇ ಹೆಸರಿಟ್ಟಿದ್ದರು: ಟೋರ್ವಿಯ ಜಾಡು. ಬೈಗುಳವಾಗಿ ಹುಟ್ಟಿದ ಹೆಸರು ಸವೆದು ಸವೆದು ಈಗ ಬರೀ ಗುರುತಾಗಿತ್ತು. "ಟೋರ್ವಿಯ ಜಾಡಿನಿಂದ ಆಚೆಗೆ ಎರಡು ಕುರಿ ಕಂಡವು" ಎಂದು ಹೇಳುವ ಹುಡುಗರಿಗೆ ಟೋರ್ವಿ ಎಂಬವನು ಬದುಕಿದ್ದಾನೆ ಎನ್ನುವುದೇ ಗೊತ್ತಿರಲಿಲ್ಲ.

ಕಳೆದ ತಿಂಗಳು ಆ ಪ್ರದೇಶ ಕಾಯುವ ಹುಡುಗಿ ಎಂಬ್ಲಾ ಫೋನು ಮಾಡಿದ್ದಳು. ಹೊಸ ನಕ್ಷೆ ಬರುತ್ತಿದೆ, ಜನರ ಬಾಯಲ್ಲಿರುವ ಹೆಸರುಗಳನ್ನೆಲ್ಲ ಸೇರಿಸುತ್ತಿದ್ದಾರೆ, ದಾರಿಯ ಬದಿಗೆ ಒಂದು ಫಲಕವನ್ನೂ ನೆಡುತ್ತಾರೆ, ನೀವೇ ಬಂದು ಜಾಗದಲ್ಲಿ ನಿಂತು ಕಥೆ ಹೇಳಿದರೆ ಬರೆದುಕೊಳ್ಳುತ್ತೇನೆ ಎಂದು. ಅಂದಿನಿಂದ ಟೋರ್ವಿ ನೆಲದ ಮೇಲೆ ನಡೆದದ್ದು ಕಡಿಮೆ.

ಅಂದಿನಿಂದ ಯೋರುನ್‌ಗೆ ನಿದ್ದೆ ಬಂದದ್ದೂ ಕಡಿಮೆ. ಯಾಕೆಂದರೆ ಆ ಗೆರೆಗಳು ಬಿದ್ದ ದಿನ ಜೀಪು ಓಡಿಸಿದವಳು ಅವಳು.

ನಲವತ್ತೇಳು ವರ್ಷದ ಹಿಂದೆ, ಇಂಥದೇ ಜುಲೈ ಬೆಳಗ್ಗೆ. ಟೋರ್ವಿಯ ರಷ್ಯನ್ ಜೀಪಿನ ಸ್ಪ್ರಿಂಗ್ ಪ್ಲೇಟು ಮುರಿದು, ಅಣ್ಣ ತಮ್ಮ ಇಬ್ಬರೂ ಅದರಡಿಗೆ ಬಿದ್ದು ಸರಿ ಮಾಡಿ, ಸರಿಯಾದ ಸಂತೋಷಕ್ಕೆ ಒಂದು ಬಾಟಲಿ ಮುಗಿಸಿ, ಹಿಂದಿನ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಹೋಗಿದ್ದರು. ಹದಿನೆಂಟು ವರ್ಷದ ಯೋರುನ್ ಎರಡು ಗಂಟೆ ಕಾದಳು. ಇದ್ದ ರೊಟ್ಟಿ ತಿಂದಳು. ಲೈಸೆನ್ಸು ಇರಲಿಲ್ಲ, ಧೈರ್ಯ ಇತ್ತು. ಹೊರಟಳು. ಅರ್ಧ ದಾರಿಯಲ್ಲಿ ಮಂಜು ಕವಿದು ಗೂಟಗಳು ಒಂದೊಂದಾಗಿ ಮಾಯವಾದವು. ಅಷ್ಟು ಹೊತ್ತು ಕಟಕಟ ಎನ್ನುತ್ತಿದ್ದ ಜೀಪು ಇದ್ದಕ್ಕಿದ್ದಂತೆ ಹಾಸಿಗೆಯ ಮೇಲೆ ಹೋಗುವಂತೆ ನಿಶ್ಶಬ್ದವಾಗಿ ಹೋಗತೊಡಗಿತು. 'ಸದ್ಯ, ದಾರಿ ಚೆನ್ನಾಯಿತು' ಎಂದುಕೊಂಡಳು. ಈ ನಾಡಿನಲ್ಲಿ ದಾರಿ ಚೆನ್ನಾಯಿತು ಎನಿಸಿದರೆ ದಾರಿ ಇಲ್ಲ ಎಂದೇ ಅರ್ಥ ಎನ್ನುವುದು ಅವಳಿಗೆ ಗೊತ್ತಿರಬೇಕಾಗಿತ್ತು. ಅವಳಪ್ಪ ಗ್ರೀಮುರ್ ಆ ದಾರಿಯ ರಸ್ತೆ ಮೇಸ್ತ್ರಿ. ಆ ಗೂಟಗಳನ್ನೆಲ್ಲ ನೆಟ್ಟವನು ಅವನೇ.

ದಾರಿಹೋಕರು ತಂಗುವ ಗುಡಿಸಲು ಕಾಣುವಷ್ಟು ದೂರದಲ್ಲಿ ಮಂಜು ತೆಗೆಯಿತು. ಜೀಪು ನಿಲ್ಲಿಸಿ, ಹಿಂದೆ ಹತ್ತಿ, ಟೋರ್ವಿಯ ಭುಜ ಅಲುಗಿಸಿದ್ದಳು. "ಏಳು, ಬಂದ್ವಿ. ಏನ್ ಚೆನ್ನಾಗಿ ಓಡಿಸ್ದೆ ನೀನು ಮಾರಾಯ, ಅರ್ಧ ನಿದ್ದೇಲೇ!" ಕಾಫಿ ಕುಡಿಯುವ ತನಕ ನಡೆಯಬೇಕಾಗಿದ್ದ ತಮಾಷೆ. ಟೋರ್ವಿ ತನ್ನೆರಡು ಅಂಗೈಗಳನ್ನು ಸ್ವಲ್ಪ ಹೊತ್ತು ನೋಡಿ, "ಹೌದಾ?" ಎಂದು, ಮುಂದೆ ಹೋಗಿ ಕೂತು, ಉಳಿದಷ್ಟನ್ನು ಓಡಿಸಿದ್ದ. ಆದರೆ ಗುಡಿಸಲಲ್ಲಿ ಕಾಫಿ ಕಾಸುತ್ತ ಕೂತಿದ್ದವನು ಮೇಸ್ತ್ರಿ ಗ್ರೀಮುರ್. ಮಗಳು ಚಿಕ್ಕಮ್ಮನ ಮನೆಯಲ್ಲಿ ಇದ್ದಾಳೆ ಎಂದು ತಿಳಿದಿದ್ದವನು. ತಮಾಷೆಯನ್ನು ಬಿಚ್ಚುವ ಜಾಗ ಅದಲ್ಲ. ವಾರ ಕಳೆದು ಮೇಸ್ತ್ರಿಯ ಕಣ್ಣಿಗೆ ಗೆರೆಗಳು ಬಿದ್ದವು. ಗುಡಿಸಲಿಗೆ ಬಂದವರು ಹೆಸರು ಬರೆಯುವ ಪುಸ್ತಕದಲ್ಲಿ ಆ ವಾರ ಬಂದುಹೋದ ಜೀಪು ಒಂದೇ, ಟೋರ್ವಿಯದೇ ಅಕ್ಷರದಲ್ಲಿ. ಮೇಸ್ತ್ರಿ ಅದರಡಿಗೆ ಅರ್ಧ ಪುಟ ಬೈಗುಳ ಬರೆದ. ಟೋರ್ವಿ ಕೇಳಿಕೊಂಡಿದ್ದ ರಸ್ತೆ ಕೆಲಸವನ್ನು ಕೊಡಲಿಲ್ಲ. ಟೋರ್ವಿ ಸಮುದ್ರಕ್ಕೆ ಹೋಗಿ ಮೂವತ್ತೊಂದು ವರ್ಷ ಮೀನು ಹಿಡಿದ.

ಮೊದಲು ಅಪ್ಪನಿಗೆ ಹೆದರಿ ಹೇಳಲಿಲ್ಲ. ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವ ಪ್ರಶ್ನೆಗೆ ಹೆದರಿ ಹೇಳಲಿಲ್ಲ. ಹೇಳದೆ ಮಾಡಿದ್ದು ಒಂದೇ: ಊರಿನ ರಸ್ತೆಗಳಲ್ಲಿ ಕಣ್ಣು ಮುಚ್ಚಿ ಓಡಿಸಬಲ್ಲ ಯೋರುನ್, ಈ ಬಯಲಿನಲ್ಲಿ ಮತ್ತೆಂದೂ ಸ್ಟಿಯರಿಂಗ್ ಮುಟ್ಟಲಿಲ್ಲ. ಸೊಂಟನೋವು ಎನ್ನುತ್ತಿದ್ದಳು. ಆದರೆ ಇವತ್ತು ಹೇಳದಿದ್ದರೆ ಸುಳ್ಳು ಕಬ್ಬಿಣದ ಫಲಕವಾಗಿ ದಾರಿಯ ಬದಿಗೆ ನಿಲ್ಲುತ್ತದೆ. ಹೇಳಿದರೆ ಆ ಕೆಂಪು ಟೈ ಬಿಚ್ಚಬೇಕಾಗುತ್ತದೆ. ಒದ್ದೆ ಕಾಲುಚೀಲದಲ್ಲಿ ಬೆರಳುಗಳನ್ನು ಮಡಿಚುತ್ತ ಬಿಚ್ಚುತ್ತ ಅವಳು ಎಂಟು ಕಿಲೋಮೀಟರ್ ಇದನ್ನೇ ಯೋಚಿಸಿದಳು.

ಎಂಬ್ಲಾ ದಾರಿಯ ಬದಿಗೆ ತನ್ನ ಪುಟ್ಟ ಜೀಪಿಗೆ ಒರಗಿ ಕಾಯುತ್ತಿದ್ದಳು. ಇಪ್ಪತ್ತೈದರ ಹುಡುಗಿ, ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಟ್ಯಾಬ್ಲೆಟ್ಟು. ಗಾಳಿ ಎಷ್ಟಿತ್ತೆಂದರೆ ಜೀಪಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆರೆಯಬೇಕಾಯಿತು.

"ಟೋರ್ವಿ ಅಂದ್ರೆ ನೀವೇನಾ?"

"ಹೌದು," ಎಂದ ಟೋರ್ವಿ ಉಸಿರನ್ನು ಒಳಗೆಳೆದುಕೊಳ್ಳುತ್ತ. ಈ ಕಡೆಯವರಿಗೆ ಮಾತು ಗಂಭೀರವಾದಷ್ಟೂ ಹೌದು ಎನ್ನುವುದು ಒಳಗೆ ಹೋಗುತ್ತದೆ.

"ಟೈ ಚೆನ್ನಾಗಿದೆ."

"ದಿನಾ ಹಾಕ್ತೀನಿ."

"ಮದ್ವೇಲಿ ಹಾಕಿದ್ದ," ಎಂದ ಇಲ್ಲುಗಿ. "ಅದೂ ನನ್ನ ಮದ್ವೇಲಿ."

ನಾಲ್ವರೂ ಕಲ್ಲುಗಳ ಮೇಲೆ ಕಾಲಿಡುತ್ತ, ಪಾಚಿ ತುಳಿಯದ ಹಾಗೆ, ಗೆರೆಗಳ ಬದಿಯಲ್ಲಿ ನಡೆದರು. ಹೊಲಿಗೆ ಬಿಚ್ಚಿದ ಮೇಲೂ ಬಟ್ಟೆಯ ಮೇಲೆ ಉಳಿಯುವ ಗುರುತಿನಂತೆ ಅವು ಮುಂದೆ ಹೋಗಿದ್ದವು. ಅಲ್ಲಲ್ಲಿ ಟೋರ್ವಿ ಮಜ್ಜಿಗೆ ಉಣಿಸಿದ ಕಡೆ ಎಳೆ ಹಸಿರು. ಕೊಕ್ಕೆಯ ಹಾಗೆ ತಿರುಗಿದ ಜಾಗದಲ್ಲಿ ಮೊಣಕಾಲೆತ್ತರದ ಒಂದು ಕಲ್ಲುಗುಪ್ಪೆ. ಎಂಬ್ಲಾ ಅಲ್ಲಿ ನಿಂತಳು.

"ಇಲ್ಲಿ ಯಾಕೆ ಹೀಗೆ ತಿರುಗಿಸಿದ್ರಿ? ನಮ್ಮ ಹತ್ರ ನಾಲ್ಕು ಕಾರಣ ಇದಾವೆ. ಕುರಿಮರಿ ಅಡ್ಡ ಬಂತು ಅಂತ ಒಂದು, ಸ್ಟಿಯರಿಂಗ್ ಲೂಸಾಗಿತ್ತು ಅಂತ ಒಂದು, ಕಲ್ಲೊಳಗೆ ಯಕ್ಷರು ಇದ್ರು ಅಂತ ಒಂದು, ಸೀನು ಬಂತು ಅಂತ ಒಂದು. ನಾಲ್ಕನ್ನೂ ನೀವೇ ಹೇಳಿದ್ದಂತೆ."

"ಸೀನು ಬರ್ತಿದ್ದ ಹಾಗೆ ಕುರಿಮರಿ ಅಡ್ಡ ಬಂತು," ಎಂದ ಟೋರ್ವಿ.

"ಹಕ್ಕಿ," ಎಂದಳು ಯೋರುನ್.

ಮೂವರೂ ಅವಳ ಕಡೆ ನೋಡಿದರು. ಬಾಯಿ ತೆರೆದಾಗಿತ್ತು, ಇನ್ನು ಮುಚ್ಚುವುದರಲ್ಲಿ ಅರ್ಥವಿರಲಿಲ್ಲ.

"ಹೊಂಬಣ್ಣದ ಚುಕ್ಕಿ ಇರತ್ತಲ್ಲ, ಬೇಸಿಗೆ ಕರ್ಕೊಂಡು ಬರೋ ಹಕ್ಕಿ, ಲೋವಾ. ಚಕ್ರದ ಮುಂದೇನೇ ಎದ್ದು, ರೆಕ್ಕೆ ಮುರಿದಿರೋ ಥರ ನೆಲದ ಮೇಲೆ ಎಳ್ಕೊಂಡು ಓಡ್ತು. ಗೂಡು ಹತ್ರದಲ್ಲೇ ಇದೆ ಅಂತ ಗೊತ್ತಾಯ್ತು. ತಿರುಗಿಸ್ದೆ. ಇಳಿದು ನೋಡಿದ್ರೆ ನಾಲ್ಕು ಮೊಟ್ಟೆ. ಬೇರೆ ಯಾರೂ ಹತ್ತಿಸ್ದೆ ಇರ್ಲಿ ಅಂತ ಈ ಕಲ್ಲು ಇಟ್ಟೆ. ಓಡಿಸಿದ್ದು ನಾನು. ಇವರಿಬ್ಬರೂ ಕುಡಿದು ಹಿಂದೆ ಗೊರಕೆ ಹೊಡೀತಿದ್ರು."

ಇಲ್ಲುಗಿ ಮೊದಲು ನಕ್ಕ.

"ನೀನಾ? ಸೊಂಟನೋವು ಅಂತ ಇಲ್ಲಿ ಐದು ನಿಮಿಷ ಸ್ಟಿಯರಿಂಗ್ ಹಿಡಿಯಲ್ಲ, ನೀನು?"

"ಹದಿನೆಂಟು ವರ್ಷಕ್ಕೆ ಸೊಂಟನೋವು ಇರ್ಲಿಲ್ಲ."

"ಅವಳ ಮಾತು ಬರ್ಕೋಬೇಡ ಹುಡುಗಿ," ಎಂದ ಟೋರ್ವಿ ಸಮಾಧಾನವಾಗಿ. "ಹೊಟ್ಟೆಕಿಚ್ಚು. ಅವರಪ್ಪ ಇಲ್ಲೆಲ್ಲ ಗೂಟ ನೆಟ್ಟ, ಒಂದಕ್ಕೂ ಅವನ ಹೆಸರು ಬರ್ಲಿಲ್ಲ. ಈಗ ನಂದನ್ನ ಕಿತ್ಕೊಳ್ಳೋಕೆ ಬಂದಿದಾಳೆ."

"ಭಾವ!"

"ಇಲ್ಲುಗಿ, ಹೋಗಿ ಕ್ಯಾನ್ ತಗೊಂಡ್ ಬಾ. ಈ ಹುಡುಗೀನೂ ಕರ್ಕೊಂಡ್ ಹೋಗು, ಎರಡಿದಾವೆ. ಚೆಲ್ಬೇಡಿ."

ಇಲ್ಲುಗಿ ಇನ್ನೂ ನಗುತ್ತಲೇ, ನಡುನಡುವೆ ನಿಂತು ತಿರುಗಿ ಹೆಂಡತಿಯನ್ನು ನೋಡುತ್ತ ಜೀಪಿನ ಕಡೆ ನಡೆದ. ಅವನ ನಗು ಒಂದೊಂದು ಸಲ ತಿರುಗಿದಾಗಲೂ ಒಂದಿಷ್ಟು ಕಡಿಮೆಯಾಗುತ್ತಿತ್ತು. ಎಂಬ್ಲಾ ಹಿಂದೆಯೇ ಹೋದಳು.

ಟೋರ್ವಿ ಕಲ್ಲುಗುಪ್ಪೆಯ ಪಕ್ಕ ಮಂಡಿಯೂರಿ ಕೂತ. ಚಳಿಗಾಲದ ಗಾಳಿಗೆ ಮೇಲಿನ ಚಪ್ಪಟೆ ಕಲ್ಲು ಜಾರಿ ಬಿದ್ದಿತ್ತು. ಅದನ್ನು ಎತ್ತಿ, ಮರಳು ಒರಸಿ, ಮತ್ತೆ ಇಟ್ಟ: ಚೂಪು ತುದಿ ಗಾಳಿಯ ಕಡೆಗೆ, ಬೆನ್ನು ತುಸು ಓರೆ, ಕೆಳಗೆ ಎರಡು ಬೆರಳಗಲದ ಸಂದಿ. ಮೇಸ್ತ್ರಿ ಗ್ರೀಮುರ್ ಹಾಗಿಡುತ್ತಿದ್ದ. ಮಕ್ಕಳಿಗೂ ಹಾಗೆಯೇ ಇಡಲು ಕಲಿಸಿದ್ದ. ಬೇರೆ ಯಾರೂ ಹಾಗಿಡುವುದನ್ನು ಯೋರುನ್ ನೋಡಿರಲಿಲ್ಲ.

"ಇದನ್ನ ಎಲ್ಲಿ ಕಲಿತೆ ಭಾವ?"

"ಇಲ್ಲೇ. ಮೊದಲ್ನೇ ವರ್ಷ ನೋಡ್ದಾಗ ಹೀಗಿತ್ತು. ಪ್ರತಿ ವರ್ಷ ಬೀಳತ್ತೆ, ಹೀಗೇ ಇಡ್ತೀನಿ."

"ಅಂದ್ರೆ ಹದಿನಾರು ವರ್ಷದಿಂದ ಗೊತ್ತು ನಿಂಗೆ."

"ಅಯ್ಯೋ, ಇಲ್ಲ ಮಾರಾಯ್ತಿ," ಎಂದ ಟೋರ್ವಿ. ಎದ್ದು ಮಂಡಿ ಒರಸಿಕೊಂಡ. "ಅವತ್ತೇ ಗೊತ್ತಾಯ್ತು. ನೀನು ಎಬ್ಬಿಸಿದ್ಮೇಲೆ ಮುಂದೆ ಹೋಗಿ ಕೂತ್ನಲ್ಲ? ಮಂಡಿ ಗಲ್ಲಕ್ಕೆ ಬಂತು. ಸ್ಟಿಯರಿಂಗ್ ಹೊಟ್ಟೆಗೆ ಒತ್ತತಿತ್ತು. ನಾನು ಆರಡಿ ಮೇಲೆ ಎರಡಿಂಚು. ಕುಡಿದಿದ್ದಕ್ಕೆ ಉಬ್ಬಿದೀನೇನೋ ಅಂದ್ಕೊಂಡೆ ಒಂದ್ಗಳಿಗೆ. ಆಮೇಲೆ ನೋಡಿದ್ರೆ ಸೀಟು ಮುಂದಕ್ಕೆ ಎಳ್ದಿದೆ, ತುದೀವರೆಗೂ. ಆ ಜೀಪಿನ ಸೀಟು ಮುಂದೆ ಬರಬೇಕಂದ್ರೆ ಕಾಲಲ್ಲಿ ಒದೀಬೇಕಿತ್ತು."

"ಒದ್ದಿದ್ದೆ," ಎಂದಳು ಯೋರುನ್, ಸಣ್ಣ ದನಿಯಲ್ಲಿ.

"ಒದ್ದಿರ್ತೀಯ."

"ಮತ್ತೆ ಹೇಳ್ಬಾರ್ದಿತ್ತಾ?"

"ಯಾವಾಗ? ಗುಡಿಸಲಲ್ಲಿ ನಿಮ್ಮಪ್ಪ ಕೂತಿದ್ದ. ನನ್ನ ತಮ್ಮನಿಗೆ ಆ ಮನೆ ಹುಡುಗಿ ಬೇಕಿತ್ತು. ಆಮೇಲೆ ಸಮುದ್ರಕ್ಕೆ ಹೋದೆ, ಅಲ್ಲಿ ಮೀನುಗಳಿಗೆ ಹೇಳ್ಲಾ?"

"ನಿನ್ನ ಕೆಲಸ ಹೋಯ್ತಲ್ಲೋ ನನ್ನಿಂದ."

"ಸಿಕ್ಕಿದ್ರೆ ಮೂವತ್ತು ವರ್ಷ ನಿಮ್ಮಪ್ಪನ ಬಾಯಿ ಕೇಳ್ಕೊಂಡು ಗೂಟ ಹೊಡೀಬೇಕಿತ್ತು. ಸಮುದ್ರ ಎಷ್ಟೋ ವಾಸಿ, ಅದು ಚಳಿಗಾಲದಲ್ಲಿ ಮಾತ್ರ ಕೂಗಾಡತ್ತೆ." ಅವನು ಟೈ ಸರಿಮಾಡಿಕೊಂಡ. "ನೋಡು ಯೋರುನ್. ನಕ್ಷೆ ಮೇಲೆ ಯಾರ ಹೆಸರು ಬರತ್ತೆ ಹೇಳು? ಕಳ್ಳರದ್ದು ಬರತ್ತೆ, ಮುಳುಗಿ ಸತ್ತವರದ್ದು ಬರತ್ತೆ. ನಾನು ಎರಡನ್ನೂ ಮಾಡ್ದೆ ಸಂಪಾದ್ಸಿದೀನಿ. ಅದನ್ನ ಹಾಳು ಮಾಡ್ಬೇಡ."

ಯೋರುನ್‌ಗೆ ನಗು ಬಂತು. ಅದರ ಹಿಂದೆಯೇ ಇನ್ನೇನೋ ಬಂತು. ಗಾಳಿಗೆ ಕಣ್ಣಲ್ಲಿ ನೀರು ಬಂದಿದೆ ಎನ್ನಲು ಗಾಳಿ ಹೇಗೂ ಇತ್ತು.

ಇಲ್ಲುಗಿ ಮತ್ತು ಎಂಬ್ಲಾ ಕ್ಯಾನುಗಳನ್ನು ಹೊತ್ತು ಬಂದರು. ಇಲ್ಲುಗಿ ಈಗ ನಗುತ್ತಿರಲಿಲ್ಲ. ಏನನ್ನೋ ಲೆಕ್ಕ ಹಾಕುತ್ತಿರುವವನಂತೆ ಹೆಂಡತಿಯ ಗಿಡ್ಡ ಕಾಲುಗಳನ್ನೂ ಆ ಗೆರೆಗಳನ್ನೂ ಸರದಿಯ ಮೇಲೆ ನೋಡಿದ.

"ಸರಿ, ನಾನೀಗ ಏನ್ ಬರ್ಕೊಳ್ಲಿ?" ಎಂಬ್ಲಾ ಟ್ಯಾಬ್ಲೆಟ್ಟನ್ನು ಅಂಗಿಯೊಳಗಿಂದ ತೆಗೆದಳು. "ಹೆಸರು, ಟೋರ್ವಿಯ ಜಾಡು. ಅದು ಎಲ್ಲರ ಬಾಯಲ್ಲೂ ಇದೆ, ಬದಲಾಗಲ್ಲ. ಆದ್ರೆ ಹೆಸರು ಬಂದ ಕಾರಣ ಅಂತ ಒಂದು ಸಾಲು ಬೇಕು. ಅದು ನಿಜ ಆಗಿರ್ಬೇಕು."

ಟೋರ್ವಿ ಬಾಯಿ ತೆರೆದ. ಐದನೆಯ ಕಾರಣ ಹೊರಡುವುದರಲ್ಲಿತ್ತು.

"ನಾನ್ ಹೇಳ್ತೀನಿ, ಬರ್ಕೋ," ಎಂದಳು ಯೋರುನ್. "ಟೋರ್ವಿ ಅನ್ನೋನು ಹದಿನಾರು ಬೇಸಿಗೆ ಇಲ್ಲಿಗೆ ಬಂದು, ಮಜ್ಜಿಗೆ ಹೊಯ್ದು, ಈ ಜಾಡನ್ನ ವಾಸಿಮಾಡ್ತಿದಾನೆ. ಈಗ ಈ ಹೆಸರಿಗೆ ಅದೇ ಕಾರಣ."

ಎಂಬ್ಲಾ ಬರೆದಳು. "ಓಡಿಸಿದ್ದು ಯಾರು ಅಂತ?"

"ಆ ಸಾಲಿಗೂ ಅದಕ್ಕೂ ಸಂಬಂಧ ಇದೆಯಾ?"

ಹುಡುಗಿ ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡಳು. "ಇಲ್ಲ," ಎಂದಳು. "ಇದೂ ನಿಜಾನೇ ಅಲ್ವಾ?" ಎಂದು ಟೋರ್ವಿಯನ್ನು ಕೇಳಿದಳು.

ಟೋರ್ವಿ ಪಾಚಿಯನ್ನು ನೋಡುತ್ತಿದ್ದ. "ಹೌದು," ಎಂದ, ಉಸಿರನ್ನು ಪೂರ್ತಿ ಒಳಗೆಳೆದುಕೊಂಡು.

"ಹದಿನೇಳು ಅಂತ ಬರಿ," ಎಂದ ಇಲ್ಲುಗಿ. "ಇವತ್ತಿನದೂ ಸೇರಿಸಿ. ಇಷ್ಟು ಭಾರದ ಕ್ಯಾನ್ ಹೊತ್ತಿದೀನಿ ನಾನು."

ಹೊತ್ತು ನೆತ್ತಿಗೇರುವ ತನಕ ನಾಲ್ವರೂ ಬಗ್ಗಿ, ಬಟ್ಟಲಲ್ಲಿ ಕಲಸಿದ ಪಾಚಿಯನ್ನು ಬೋಳು ಜಾಗಗಳಿಗೆ ಹೊಯ್ದರು. ಆಮೇಲೆ ಜೀಪಿನ ಮರೆಗೆ ಕೂತು ಹೊಗೆ ಹಾಕಿದ ಕುರಿಮಾಂಸ ಇಟ್ಟ ರೊಟ್ಟಿ ತಿಂದರು, ಫ್ಲಾಸ್ಕಿನ ಕಾಫಿ ಕುಡಿದರು. ಎಂಬ್ಲಾ ತನ್ನ ದಾರಿ ಹಿಡಿದಳು.

"ಬೀಗದ ಕೈ ಅವಳಿಗೆ ಕೊಡು," ಎಂದ ಟೋರ್ವಿ ತಮ್ಮನಿಗೆ. "ನಂಗೂ ನಿಂಗೂ ವಯಸ್ಸಾಯ್ತು."

ಇಲ್ಲುಗಿ ಹೆಂಡತಿಯನ್ನು ನೋಡಿದ. "ಸೊಂಟ?"

"ಈಗ ವಾಸಿ," ಎಂದಳು ಯೋರುನ್.

ಅಣ್ಣ ತಮ್ಮ ಹಿಂದೆ ಹತ್ತಿದರು. ಮೊದಲ ಕಿಲೋಮೀಟರ್ ಇಬ್ಬರೂ ಅವಳಿಗೆ ಓಡಿಸುವುದನ್ನು ಹೇಳಿಕೊಟ್ಟರು. ಎರಡನೆಯದರಲ್ಲಿ ಒಬ್ಬರಿಗೊಬ್ಬರು ಹೇಳಿಕೊಟ್ಟರು. ಮೂರನೆಯದಕ್ಕೆ ಟೋರ್ವಿಯ ತಲೆ ತಮ್ಮನ ಭುಜದ ಮೇಲಿತ್ತು, ಕೆಂಪು ಟೈ ಕಿವಿಯ ಮೇಲೆ ಹೋಗಿತ್ತು. ಕರಿಯ ಬಯಲು ಎರಡೂ ಕಡೆ ಹರಡಿತ್ತು. ಚಕ್ರದ ಕೆಳಗೆ ಕಲ್ಲು ಕಟಕಟ ಎನ್ನುತ್ತಿತ್ತು, ಅದರಷ್ಟು ಹಿತವಾದ ಸದ್ದು ಇನ್ನೊಂದಿಲ್ಲ ಎನಿಸಿತು ಅವಳಿಗೆ. ಹಳದಿ ಗೂಟಗಳು ಒಂದೊಂದಾಗಿ ಬಂದು ಹಿಂದೆ ಹೋದವು.

ಗುಡಿಸಲ ಮುಂದೆ ಎಂಜಿನ್ ಆರಿಸಿ, ಯೋರುನ್ ಇಬ್ಬರನ್ನೂ ಎಬ್ಬಿಸದೆ ಮೆಲ್ಲಗೆ ಇಳಿದಳು. ಗಾಳಿಗೆ ಹೊಡೆದುಕೊಳ್ಳದಂತೆ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಮುಚ್ಚಿದಳು. ಒಂದು ಕಾಲಿನ ಬೂಟು ಇನ್ನೂ ಪಚಪಚ ಎನ್ನುತ್ತಿತ್ತು. ಒಳಗೆ ಹೋಗಿ ಕಾಫಿಗೆ ನೀರಿಟ್ಟಳು. ಹೊರಗೆ ಜೀಪಿನ ಮುಂದಿನ ಸೀಟು, ತುದಿಯವರೆಗೂ ಎಳೆದದ್ದು, ಹಾಗೆಯೇ ಇತ್ತು.